ಮೂರು ಅಡ್ಡಗೋಲು

ಹಸಿ ಪರ್ಸಿಮನ್ ಕಾಯಿಯನ್ನು ಒರಳಿನಲ್ಲಿ ಜಜ್ಜಿದರೆ ಏಳುವ ವಾಸನೆ ಮೂಗಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ. ಒಗರು ವಾಸನೆ, ಸ್ವಲ್ಪ ತುಕ್ಕು ಹಿಡಿದ ಕಬ್ಬಿಣದ ಹಾಗೆ. ಜೆಜು ದ್ವೀಪದಲ್ಲಿ ಬೇಸಿಗೆಯ ಮಳೆ ನಿಂತ ಕೂಡಲೇ ಎಲ್ಲರ ಅಂಗಳದಲ್ಲೂ ಅದೇ ವಾಸನೆ. ಅಮ್ಮ ಆ ರಸದಲ್ಲಿ ನಮ್ಮ ಬಟ್ಟೆಗಳನ್ನು ಅದ್ದಿ, ಹಿಂಡಿ, ಕಲ್ಲುಗೋಡೆಯ ಮೇಲೆ ಹರಡುತ್ತಿದ್ದಳು. ಅದ್ದಿದ ದಿನ ಬಟ್ಟೆಗೆ ಬಣ್ಣವೇ ಕಾಣುವುದಿಲ್ಲ, ಒದ್ದೆಯಾಗಿದೆ ಅನಿಸುತ್ತದೆ ಅಷ್ಟೆ. ಬಿಸಿಲಿಗೆ ಇಟ್ಟು, ನೀರು ಚಿಮುಕಿಸಿ, ಮತ್ತೆ ಬಿಸಿಲಿಗೆ ಇಟ್ಟರೆ ನಾಲ್ಕೈದು ದಿನದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. "ಬಣ್ಣ ಕಾಯೊಳಗಿಲ್ಲ ಮಗಾ, ಬಿಸಿಲೊಳಗಿದೆ," ಅನ್ನುತ್ತಿದ್ದಳು ಅಮ್ಮ.

ನನಗೀಗ ಎಂಬತ್ತು. ಐವತ್ತು ವರ್ಷದಿಂದ ಮಕ್ಕಳಿಗೆ ಚಿತ್ರಪುಸ್ತಕ ಮಾಡುತ್ತ ಬಂದಿದ್ದೇನೆ. ಕಥೆಯೂ ನನ್ನದೇ, ಚಿತ್ರವೂ ನನ್ನದೇ. ಒಟ್ಟು ಹದಿನೇಳು ಪುಸ್ತಕ. ಅವುಗಳಲ್ಲಿ ಗಿಡ್ಡ ಕುದುರೆಗಳಿವೆ, ಸಮುದ್ರಕ್ಕೆ ಧುಮುಕುವ ಅಜ್ಜಿಯರಿದ್ದಾರೆ, ಹುಲ್ಲು ಹೊದಿಸಿದ ಕಲ್ಲಿನ ಮನೆಗಳಿವೆ. ಹೋದ ವರ್ಷ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕಾಗದ ಬರೆದಳು. 'ಅಜ್ಜಿ, ನಿಮ್ಮ ಒಂದು ಮನೆಗೂ ಉಣಗೋಲು ಇಲ್ಲ. ಕುದುರೆ ಒಳಗೆ ಬಂದು ಮೂಲಂಗಿ ತಿನ್ನಲ್ವಾ? ಬರೆಯೋಕೆ ಮರೆತುಬಿಟ್ರಾ?'

ಮರೆತಿರಲಿಲ್ಲ.

ನಮ್ಮ ದ್ವೀಪದ ಮನೆಗಳಿಗೆ ಆಗ ಬಾಗಿಲ ಗೇಟು ಇರಲಿಲ್ಲ. ದಾರಿಬಾಯಲ್ಲಿ ಎರಡು ಕಲ್ಲುಕಂಬ, ಕಂಬಗಳಲ್ಲಿ ಮೂರು ಮೂರು ತೂತು, ಅವುಗಳಲ್ಲಿ ಸೇರಿಸುವ ಮೂರು ಅಡ್ಡಗೋಲು, ಅದೇ ಉಣಗೋಲು. ಮೂರೂ ಕೆಳಗಿದ್ದರೆ ಮನೆಯಲ್ಲಿ ಜನ ಇದ್ದಾರೆ. ಒಂದು ಏರಿಸಿದ್ದರೆ ಇಲ್ಲೇ ಪಕ್ಕದಲ್ಲಿದ್ದಾರೆ, ಎರಡಿದ್ದರೆ ಸಂಜೆಗೆ ಬರುತ್ತಾರೆ. ಮೂರೂ ಏರಿಸಿದ್ದರೆ ದೂರ ಹೋಗಿದ್ದಾರೆ, ಮನೆ ಖಾಲಿ. ಓದು ಬಾರದ ಮುದುಕಿಯರಿಗೂ ಆ ಕೋಲುಗಳನ್ನು ಓದಲು ಬರುತ್ತಿತ್ತು.

೧೯೪೮ರ ನವೆಂಬರ್. ಗುಡ್ಡದ ಊರುಗಳನ್ನೆಲ್ಲ ಖಾಲಿ ಮಾಡಿ ಕಡಲದಂಡೆಗೆ ಇಳಿಯಬೇಕೆಂದು ಸರ್ಕಾರದ ಅಪ್ಪಣೆ ಆಗಿತ್ತಂತೆ. ನಮ್ಮ ಊರಿಗೆ ಅದು ಸರಿಯಾಗಿ ಮುಟ್ಟಲೇ ಇಲ್ಲ. ಬಂಡಾಯಗಾರರು ಹಲ್ಲಾ ಬೆಟ್ಟದ ಕಾಡಿನಲ್ಲಿದ್ದರು, ಸೈನಿಕರು ಕೆಳಗಿದ್ದರು, ನಾವು ನಡುವೆ. ಅಪ್ಪ ಒಸಾಕಾದ ರಬ್ಬರ್ ಕಾರ್ಖಾನೆಗೆ ಹೋದವನು ಅಲ್ಲೇ ತೀರಿಕೊಂಡಿದ್ದ. ಅಪ್ಪ ಸತ್ತ ಮೇಲೆ ಹುಟ್ಟಿದ ಪುಟ್ಟ ತಮ್ಮನಿಗೆ ಮೂರು ವರ್ಷ. ಹನ್ನೆರಡು ವರ್ಷದ ಅಣ್ಣ ಇಕ್ಸು ಕುದುರೆ ಮೇಯಿಸಲು ಮೇಲಿನ ಹುಲ್ಲುಗಾವಲಿಗೆ ಹೋಗಿದ್ದ. ಅಮ್ಮನಿಗೆ ನಾಲ್ಕು ದಿನದಿಂದ ಜ್ವರ, ತಮ್ಮನನ್ನು ತಬ್ಬಿಕೊಂಡು ಮಲಗಿದ್ದಳು. ನನಗೆ ಏಳು.

"ತೇಸುನಾ, ಕೆಳಗಿನ ಮನೆ ಸಮ್ಚುನ್ ಹತ್ರ ಹೋಗಿ ಒಂದು ಹಿಡಿ ಕಡಲಸೊಪ್ಪು ಇಸ್ಕೊಂಡು ಬಾ. ಸಾರು ಮಾಡೋಣ," ಅಂದಳು ಅಮ್ಮ. ನಮ್ಮಲ್ಲಿ ಹಿರಿಯರು ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಸಮ್ಚುನ್ ಅಂತಲೇ ಕರೆಯುವುದು. "ಬರೋವಾಗ ಬೀಳಬೇಡ, ಕೋತಿ."

ಹಿಂದಿನ ದಿನ ಪಕ್ಕದವರ ಕುದುರೆ ಒಂದು ಕೋಲನ್ನು ದಾಟಿ ಒಳಗೆ ಬಂದು ಒಣಗಲು ಹಾಕಿದ್ದ ನವಣೆಯನ್ನು ಅರ್ಧ ಮುಗಿಸಿತ್ತು. ಅಮ್ಮ ಜ್ವರದಲ್ಲೇ ಎದ್ದು ಓಡಿಸಿ, ಅಂಗಳದಲ್ಲಿ ಕೂತು ಅತ್ತಿದ್ದಳು. ಅದಕ್ಕೇ ನಾನು ಮೂರು ಕೋಲನ್ನೂ ಏರಿಸಿದೆ. ಮೇಲಿನದು ನನ್ನ ತಲೆಗಿಂತ ಎತ್ತರ. ಅಷ್ಟರವರೆಗೆ ಅದು ನನ್ನ ಕೈಗೆ ಎಟುಕಿರಲಿಲ್ಲ. ಆ ದಿನ ಎಟುಕಿತು. ಎಷ್ಟು ಖುಷಿಯಾಯಿತೆಂದರೆ ತಿರುಗಿ ಎರಡು ಸಲ ನೋಡಿಕೊಂಡು ಹೋದೆ.

ಸಮ್ಚುನ್ ಮನೆಯಿಂದ ವಾಪಸು ಬರುವಾಗ ಗುಂಡಿನ ಸದ್ದು. ಸಮ್ಚುನ್ ಹಿಂದಿನಿಂದ ಓಡಿ ಬಂದು ನನ್ನನ್ನು ನಮ್ಮ ಮನೆ ಪಕ್ಕದ ಕಲ್ಲುಗೋಡೆಯ ಹಿಂದೆ, ಹಂದಿಗೂಡಿನ ಹತ್ತಿರ ಕೆಡವಿ ಮೇಲೆ ಮಲಗಿಬಿಟ್ಟಳು. ಗೋಡೆಯ ಕಲ್ಲುಗಳ ಸಂದಿಯಲ್ಲಿ ನನಗೆ ದಾರಿಬಾಯಿ ಕಾಣುತ್ತಿತ್ತು. ಎಂಟು ಜನ ಸೈನಿಕರು, ದಾರಿ ತೋರಿಸಲು ಕೆಳಗಿನ ಊರಿನ ಯಾಂಗ್ ಚುನ್‌ಬೊಮ್. ಚುನ್‌ಬೊಮ್‌ನ ತುಟಿ ಒಡೆದಿತ್ತು, ಅಂಗಿಯ ಮೇಲೆ ರಕ್ತ ಇತ್ತು. ಅವನನ್ನೂ ಹೊಡೆದೇ ಕರೆತಂದಿದ್ದರು.

"ಇದೇನೋ ಇದು, ಕೋಲು?" ಅಂದ ಅವರಲ್ಲಿ ದೊಡ್ಡವನು.

"ಮೂರು ಇದೆ ಸ್ವಾಮಿ. ದೂರ ಹೋಗಿದ್ದಾರೆ. ಖಾಲಿ."

"ದೂರ ಅಂದ್ರೆ ಎಲ್ಲಿಗೆ? ಬೆಟ್ಟಕ್ಕಾ?"

ಬಂದೂಕಿನ ಹಿಡಿ ಚುನ್‌ಬೊಮ್‌ನ ಪಕ್ಕೆಗೆ ಬಿತ್ತು. "ಹೌದು, ಹೌದು," ಅಂದ.

ಹುಲ್ಲಿನ ಮಾಡಿಗೆ ಬೆಂಕಿ ಇಟ್ಟರು. ಆ ಬೆಳಿಗ್ಗೆ ಕೋಲು ಕೆಳಗಿದ್ದ ಮನೆಗಳವರನ್ನು ಕೂಗಿ ಹೊರಗೆ ಕರೆದು ಶಾಲೆಯ ಬಯಲಿಗೆ ಅಟ್ಟಿದರು. ಅವರಲ್ಲಿ ಕೆಲವರನ್ನು ಅಲ್ಲೇ ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಹೆಚ್ಚಿನ ಪಾಲು ಕಡಲದಂಡೆಗೆ ಇಳಿಸಿದರು. ನಮ್ಮ ಮನೆಯ ಬಳಿ ಯಾರೂ ಕೂಗಲೇ ಇಲ್ಲ. ಮಾಡು ಹತ್ತಿಕೊಂಡ ಮೇಲೆ ಅಮ್ಮ ತಮ್ಮನನ್ನು ಎತ್ತಿಕೊಂಡು ಕೆಮ್ಮುತ್ತ ಹೊರಗೆ ಬಂದಳು. ಪರ್ಸಿಮನ್ ರಸದಲ್ಲಿ ಅದ್ದಿದ ಕಂದು ಬಟ್ಟೆ ಉಟ್ಟಿದ್ದಳು.

"ಖಾಲಿ ಅಂದೆಯಲ್ಲೋ! ಅಡಗಿದ್ದಾರೆ, ಹೊಡಿ!"

ಮೊದಲ ಗುಂಡು ಅಮ್ಮನಿಗೆ ಬಿತ್ತು. ಎರಡನೆಯದು ಯಾರಿಗೆ ಎಂದು ನನಗೆ ಗೊತ್ತಿಲ್ಲ, ಅಷ್ಟರಲ್ಲಿ ಸಮ್ಚುನ್ ನನ್ನ ಕಣ್ಣು ಮುಚ್ಚಿದ್ದಳು. ಅವಳ ಅಂಗೈಗೆ ಕಡಲಸೊಪ್ಪಿನ ವಾಸನೆ ಇತ್ತು. ಆ ಕೈ ಬೆವರಿ ಸ್ವಲ್ಪ ಜಾರಿದಾಗ ನನಗೆ ಕಂಡದ್ದು ಚುನ್‌ಬೊಮ್‌ನ ಮುಖ. ಅವನು ಗೋಡೆಯ ಸಂದಿಯನ್ನೇ ನೋಡುತ್ತಿದ್ದ. ನನ್ನ ಕಣ್ಣನ್ನೇ.

"ಅಲ್ಲೇನಿದೆ?" ಯಾರೋ ಕೇಳಿದರು.

"ಹಂದಿ, ಸ್ವಾಮಿ," ಅಂದ ಚುನ್‌ಬೊಮ್. "ಬರೀ ಹಂದಿಗೂಡು." ಹಾಗೆಂದು ಅವರನ್ನು ಆಚೆ ಓಣಿಗೆ ತಿರುಗಿಸಿಕೊಂಡು ಹೋದ.

ಹೊಗೆ ನೋಡಿ ಓಡಿ ಇಳಿದ ಅಣ್ಣ ದಾರಿಯಲ್ಲೇ ಸಿಕ್ಕಿಬಿದ್ದ. ಬೆಟ್ಟದವರಿಗೆ ಸುದ್ದಿ ಒಯ್ಯುವ ಹುಡುಗನೆಂದು ಅವನ ಎಡಗಾಲನ್ನು ಕಲ್ಲಿನ ಮೇಲಿಟ್ಟು ಮುರಿದರು. ಇಂದಿಗೂ ಕುಂಟುತ್ತಾನೆ. ನಾಲ್ಕನೆಯ ದಿನ ಸಮ್ಚುನ್ ಅವನನ್ನು ಬೆನ್ನ ಮೇಲೆ ಹೊತ್ತು ನಮ್ಮ ಮನೆಗೆ ಕರೆದುಕೊಂಡು ಹೋದಳು. ಗೋಡೆಗಳಷ್ಟೇ ಉಳಿದಿದ್ದವು. ದಾರಿಬಾಯ ಕಂಬಗಳ ಮೂರು ತೂತುಗಳಲ್ಲೂ ಸುಟ್ಟ ಕೋಲಿನ ತುದಿಗಳಿದ್ದವು.

ಅಣ್ಣ ಅವುಗಳನ್ನು ಮುಟ್ಟಿ ಮುಟ್ಟಿ ನೋಡಿದ. "ಅಮ್ಮ ಒಳಗೇ ಇದ್ಲಲ್ಲ. ಮೂರು ಕೋಲು ಯಾರು ಹಾಕಿದ್ದು?" ಅಂದ. ಸಮ್ಚುನ್ ನನ್ನ ಕಡೆ ನೋಡಲಿಲ್ಲ. ನಾನು ನೆಲದಿಂದ ಒಂದು ಇದ್ದಿಲು ಎತ್ತಿಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡೆ. ನನ್ನ ಮೊದಲ ಚಿತ್ರಗಳೆಲ್ಲ ಆ ಇದ್ದಿಲಿನಿಂದ, ಕಡಲದಂಡೆಯ ಕರಿಗಲ್ಲುಗಳ ಮೇಲೆ ಬರೆದವು. ಕರಿಯ ಮೇಲೆ ಕರಿ, ಯಾರಿಗೂ ಕಾಣದ ಚಿತ್ರಗಳು.

ಅಣ್ಣನಿಗೆ ಉತ್ತರ ತಾನಾಗಿಯೇ ಸಿಕ್ಕಿತು. ಕೋಲು ಓದಿ ಹೇಳಿದವನು ಚುನ್‌ಬೊಮ್ ಎಂದು ಊರೆಲ್ಲ ಹೇಳುತ್ತಿತ್ತು. ಹಾಗಾದರೆ ಕೋಲು ಹಾಕಿದವನೂ ಅವನೇ, ನಮ್ಮ ಹೊಲದ ಮೇಲೆ ಕಣ್ಣಿಟ್ಟು ಹಾಗೆ ಮಾಡಿದ ಎಂದು ಅಣ್ಣ ತೀರ್ಮಾನಿಸಿದ. ಹನ್ನೆರಡು ವರ್ಷ ಅದನ್ನು ನುಂಗಿಕೊಂಡೇ ಬೆಳೆದ.

ಸಮ್ಚುನ್ ಸಮುದ್ರಕ್ಕೆ ಧುಮುಕಿ ಶಂಖ ಚಿಪ್ಪು ತಂದು ಮಾರಿ ನನ್ನನ್ನು ಓದಿಸಿದಳು. ೧೯೬೦ರಲ್ಲಿ ರಾಜಧಾನಿ ಸೋಲ್‌ನ ಚಿತ್ರಕಲಾ ಕಾಲೇಜಿಗೆ ಸೇರಿದೆ. ಆ ವಸಂತದಲ್ಲಿ ಹಳೆಯ ಸರ್ಕಾರ ಬಿದ್ದು, ಸತ್ತವರ ಬಗ್ಗೆ ಬಾಯಿ ಬಿಡಬಹುದೆಂದು ಜನಕ್ಕೆ ಅನಿಸಿತ್ತು. ಬೇಸಿಗೆ ರಜೆಗೆ ಊರಿಗೆ ಬಂದ ಮೂರನೆಯ ದಿನ ಅಣ್ಣನಿಗೆ ಮಧ್ಯಾಹ್ನದ ಬುತ್ತಿ ಕೊಡಲು ಹೊಲಕ್ಕೆ ಹೋದೆ. ಅಣ್ಣ ನಮ್ಮ ಹೊಲದಲ್ಲಿರಲಿಲ್ಲ. ಚುನ್‌ಬೊಮ್‌ನ ಗೆಣಸಿನ ಹೊಲದಲ್ಲಿ ಗುದ್ದಲಿ ಹಿಡಿದು ನಿಂತಿದ್ದ.

"ಹೇಳೋ! ಮೂರು ಕೋಲು ಹಾಕಿದ್ದು ನೀನೇ ಅಂತ ಒಂದ್ಸಲ ಬಾಯ್ಬಿಟ್ಟು ಹೇಳೋ!"

"ನಾನು ಹಾಕಿಲ್ಲಪ್ಪ ಇಕ್ಸು! ಇದ್ದದ್ದನ್ನ ಓದಿದೆ, ಅಷ್ಟೇ! ಓದಿದ್ದು ತಪ್ಪು, ಅದನ್ನ ಒಪ್ತೀನಿ. ಹಾಕಿದ್ದು ನಾನಲ್ಲ!"

ಗುದ್ದಲಿಯ ಹಿಂಬದಿ ಅವನ ಭುಜಕ್ಕೆ ಬಿತ್ತು. ಬಿದ್ದವನ ಮೇಲೆ ಮತ್ತೊಂದು ಏಟು. ಮೂರನೆಯ ಏಟಿಗೆ ಗುದ್ದಲಿ ತಿರುಗಿತು. ಎಡಗಣ್ಣು ಹೋಯಿತು. ಚುನ್‌ಬೊಮ್ ಮುಖ ಮುಚ್ಚಿಕೊಂಡು ಗೆಣಸಿನ ಬಳ್ಳಿಗಳ ಮೇಲೆ ಹೊರಳುತ್ತಿದ್ದ. ಉಳಿದ ಒಂದು ಕಣ್ಣಿನಿಂದ ಹೊಲದಂಚಿನಲ್ಲಿ ನಿಂತ ನನ್ನನ್ನು ನೋಡಿದ. ಹನ್ನೆರಡು ವರ್ಷದ ಹಿಂದೆ ಗೋಡೆಯ ಸಂದಿಯಲ್ಲಿ ಕಂಡ ಕಣ್ಣು ಇದೇ ಎಂದು ಅವನಿಗೆ ಗುರುತಾಗಿರಬೇಕು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಬುತ್ತಿಯ ಗಂಟು ಬಿಗಿಯಾಗಿ ಹಿಡಿದುಕೊಂಡೇ ಇದ್ದೆ.

ಅಣ್ಣನಿಗೆ ಮೂರು ವರ್ಷ ಜೈಲಾಯಿತು. ನಾನು ಸೋಲ್‌ಗೆ ಹಿಂತಿರುಗಿ ಪದವಿ ಮುಗಿಸಿದೆ.

ನನ್ನ ಮೊದಲ ಸಂಬಳದ ಕೆಲಸ ಶಾಲಾಮಕ್ಕಳ ಓದುಪುಸ್ತಕಕ್ಕೆ ಚಿತ್ರ ಬರೆಯುವುದು. ಶತ್ರುಗಳಾದ ಕಮ್ಯುನಿಸ್ಟರನ್ನು ಕೆಂಪು ತೋಳಗಳ ಹಾಗೆ ಬರೆಯಬೇಕೆಂದು ಹೇಳಿದರು. ಬರೆದೆ. ಹಲ್ಲುಗಳನ್ನು ಬಹಳ ಚೆನ್ನಾಗಿ ಬರೆಯುತ್ತೇನೆಂದು ಹೆಸರಾಯಿತು. ಒಂದು ಶಾಲೆಯಲ್ಲಿ ಮಕ್ಕಳು ಆ ಚಿತ್ರವನ್ನು ಗೋಡೆಗೆ ಅಂಟಿಸಿ ಕಲ್ಲು ಹೊಡೆಯುತ್ತಿದ್ದರು. ಮೇಷ್ಟ್ರು ಹೆಮ್ಮೆಯಿಂದ ನನ್ನನ್ನು ಕರೆದು ತೋರಿಸಿದರು. ಒಬ್ಬ ಹುಡುಗಿ ಮಾತ್ರ ಕಲ್ಲನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ನಿಂತಿದ್ದಳು. ಆ ವರ್ಷವೇ ಕೆಲಸ ಬಿಟ್ಟೆ. ನನ್ನ ಮೊದಲ ಚಿತ್ರಪುಸ್ತಕ ಮಾಡಿದ್ದು ಅವಳಿಗಾಗಿ. ಅಮ್ಮನನ್ನು ಹುಡುಕಿಕೊಂಡು ಬೆಟ್ಟ ಇಳಿಯುವ ಒಂದು ಕುದುರೆಮರಿಯ ಕಥೆ ಅದು.

ಐದನೆಯ ಪುಸ್ತಕ ಬಂದಾಗ ಇಬ್ಬರು ಪೊಲೀಸರು ಬಂದು ಕರೆದೊಯ್ದರು. ಕಿಟಕಿ ಇಲ್ಲದ ಕೋಣೆ. ಮೇಜಿನ ಮೇಲೆ ನನ್ನ ಪುಸ್ತಕ ಬಿಡಿಸಿಟ್ಟಿತ್ತು.

"ಬೆಟ್ಟದ ಮೇಲೆ ಹೊಗೆ ಇದೆ. ಯಾರು ಹಚ್ಚಿದ್ದು?"

"ಕುದುರೆ ಕಾಯೋರು ಗೆಣಸು ಸುಡ್ತಿದ್ದಾರೆ, ಸಾರ್."

"ಕುದುರೆ ಯಾಕೆ ಕೆಂಪು?"

"ಅದು ಕಂದು."

"ಕಂದು ಮಾಡೋಕೆ ಕೆಂಪು ಹಾಕಲ್ವಾ?"

"ಸ್ವಲ್ಪ ಹಾಕ್ತೀವಿ..."

"ಸ್ವಲ್ಪ! ಒಪ್ಕೊಂಡ್ಳು, ಬರ್ಕೊಳ್ರೋ." ನಕ್ಕರು. ಆಮೇಲೆ ನನ್ನ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದು ಮರದ ಪಟ್ಟಿಯ ಅಂಚಿನಿಂದ ಹೊಡೆದರು. ಪ್ರಶ್ನೆಗೊಂದು ಏಟು. ಹನ್ನೊಂದು ದಿನ ಹೀಗೆಯೇ ನಡೆಯಿತು. ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡವು. ಬಿಡುಗಡೆಯ ದಿನ ಕೋಟಿನ ಗುಂಡಿ ಹಾಕಿಕೊಳ್ಳಲು ಆಗದೆ ನಿಂತಿದ್ದಾಗ, ಬಾಗಿಲು ಕಾಯುತ್ತಿದ್ದ ಚಿಕ್ಕ ವಯಸ್ಸಿನ ಪೇದೆ ಅತ್ತಿತ್ತ ನೋಡಿ, ಬಗ್ಗಿ, ಐದೂ ಗುಂಡಿ ಹಾಕಿಕೊಟ್ಟ. "ಹೊರಗೆ ಚಳಿ ಇದೆ," ಅಂದ. ಅವನ ಮುಖ ನೆನಪಿಲ್ಲ, ಕೈ ನೆನಪಿದೆ.

ಸಣ್ಣ ಗೆರೆ ಎಳೆಯುವ ಬೆರಳು ಹೋದ ಮೇಲೆ ದಪ್ಪ ಕುಂಚ ಹಿಡಿದೆ. ಅಮ್ಮನ ಪರ್ಸಿಮನ್ ರಸ ನೆನಪಾದದ್ದು ಆಗಲೇ. ತೊಗಟೆಯ ಕಾಗದದ ಮೇಲೆ ರಸದಲ್ಲಿ ಬರೆದು ಬಿಸಿಲಿಗೆ ಇಡುತ್ತೇನೆ. ಬರೆಯುವಾಗ ನನಗೂ ಏನೂ ಕಾಣುವುದಿಲ್ಲ. ಜನ ನನ್ನ ಕೈಚಳಕವೆಂದು ಹೊಗಳುವುದು ಆ ಹನ್ನೊಂದು ದಿನದಿಂದ ಬಂದದ್ದು.

ಉಣಗೋಲಿನ ಬಗ್ಗೆ ಕೇಳಿದ ಹುಡುಗಿಯ ಕಾಗದ ಬಂದ ಮೇಲೆ ಹದಿನೆಂಟನೆಯ ಪುಸ್ತಕ ಶುರುಮಾಡಿದೆ. ಮೂರು ಕೋಲು ಹಾಕಿದ ಹುಡುಗಿಯ ಕಥೆ. ಹನ್ನೊಂದು ಚಿತ್ರ ಮುಗಿದವು. ಉಳಿದದ್ದು ಒಂದೇ, ದಾರಿಬಾಯಿಯದು. ಸಂಪಾದಕಿ ಸೊ ಮಿರಾನ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ಮೇಡಂ, ಆ ಚಿತ್ರ ಎಲ್ಲಿಗೆ ಬಂತು? ನಾನು ಅಜ್ಜಿ ಆಗೋದ್ರೊಳಗೆ ಬರುತ್ತಾ?" ಎಂದು ತಮಾಷೆ ಮಾಡುತ್ತಿದ್ದಳು. ಅಚ್ಚಾದ ಪುಸ್ತಕ ನೋಡಿ ಅಣ್ಣನಿಗೆ ತಿಳಿಯಬಾರದು, ನಾನೇ ಹೇಳಬೇಕು. ಹೇಳಿದರೆ ಈ ಲೋಕದಲ್ಲಿ ನನಗೆ ಉಳಿದಿರುವ ಒಬ್ಬನೇ ರಕ್ತಸಂಬಂಧಿಯನ್ನು ಕಳೆದುಕೊಳ್ಳುತ್ತೇನೆ. ಆಗಸ್ಟಿನಲ್ಲಿ ಕಾಗದದ ಸುರುಳಿ ಹಿಡಿದು ಅಣ್ಣನ ಮನೆಗೆ ಹೋದೆ.

"ಬಂದ್ಲಪ್ಪ ಸೋಲ್‌ನ ಮಹಾರಾಣಿ! ಹೋದ ಸಲ ಬಂದಾಗ ನನ್ನ ಒರಳು ಮಸಿ ಮಾಡಿ ಹೋಗಿದ್ದೆ, ಇನ್ನೂ ಉಜ್ತಾ ಇದ್ದೀನಿ," ಅಂದಳು ಅತ್ತಿಗೆ. ಎಪ್ಪತ್ತೊಂಬತ್ತರಲ್ಲೂ ಸಮುದ್ರಕ್ಕೆ ಧುಮುಕುವ ಹೆಂಗಸು. ಬೈಯುತ್ತಲೇ ಕಾಯಿ ಜಜ್ಜಿಕೊಟ್ಟಳು.

ಬಾಯಿ ತೆರೆಯಲು ಮೂರು ದಿನ ಪ್ರಯತ್ನಪಟ್ಟೆ. ಆಗಲಿಲ್ಲ. ನಾಲ್ಕನೆಯ ದಿನ ಆ ಚಿತ್ರ ಬರೆದೆ. ನಾನು ಹೇಳಲಾರದ್ದನ್ನು ಬಿಸಿಲಾದರೂ ಹೇಳಲಿ ಎಂದು ಅಣ್ಣನ ಅಂಗಳದ ಹಲಗೆಯ ಮೇಲೆ ಇಟ್ಟೆ. ಖಾಲಿ ಕಾಗದದ ಹಾಗೆ ಕಾಣುತ್ತಿತ್ತು.

ನನಗೆ ಮಂಡಿ ನೋವೆಂದು ಅಣ್ಣನೇ ದಿನಕ್ಕೆ ಎರಡು ಸಲ ಅದಕ್ಕೆ ನೀರು ಚಿಮುಕಿಸುತ್ತಿದ್ದ. ಅಂಗೈಯಲ್ಲಿ ನೀರು ತುಂಬಿಕೊಂಡು, ಕುಂಟುಗಾಲಿನಲ್ಲಿ ಹೋಗಿ, ಕಾಗದ ಹರಿಯದ ಹಾಗೆ ಬೆರಳ ತುದಿಯಿಂದ ಹನಿಹನಿಯಾಗಿ ಚಿಮುಕಿಸುವನು. "ನಿನ್ನ ಕುದುರೆ ಇನ್ನೂ ಹುಟ್ಟಿಲ್ಲ ಕಣೇ," ಎಂದು ನಗುವನು. ಬಿಸಿಲಿಗಿಟ್ಟ ಎರಡನೆಯ ದಿನ ಕಲ್ಲುಗೋಡೆ ಮೂಡಿತು. ಮೂರನೆಯ ದಿನ ಮಾಡು. "ನಮ್ಮ ಮನೆಯಲ್ವಾ?" ಅಂದ. ಆ ಮಧ್ಯಾಹ್ನ ಎರಡರ ಬದಲು ನಾಲ್ಕು ಸಲ ನೀರು ಹಾಕಿದ.

ಐದನೆಯ ದಿನ ಬೆಳಿಗ್ಗೆ ಅಂಗಳದಿಂದ ಕೂಗಿದ. "ತೇಸುನಾ. ಬಾ ಇಲ್ಲಿ."

ಚಿತ್ರ ಪೂರ್ತಿ ಮೂಡಿತ್ತು. ಎರಡು ಕಂಬಗಳ ನಡುವೆ ಎರಡು ಕೋಲು. ಮೂರನೆಯದನ್ನು ತುದಿಗಾಲಲ್ಲಿ ನಿಂತು ಏರಿಸುತ್ತಿರುವ, ಮೊಣಕಾಲುದ್ದದ ಲಂಗದ ಪುಟ್ಟ ಹುಡುಗಿ.

"ಯಾರೇ ಇದು?"

"ನಾನು."

"ಇನ್ನೊಂದ್ಸಲ ಹೇಳು."

"ನಾನು, ಅಣ್ಣ. ಕುದುರೆ ಬರುತ್ತೆ ಅಂತ ಹಾಕಿದೆ. ಚುನ್‌ಬೊಮ್ ಸಮ್ಚುನ್ ಹಾಕಿದ್ದಲ್ಲ."

ಅವನ ಕೈಯಲ್ಲಿ ಊರುಗೋಲಿತ್ತು. ಅದು ಗಾಳಿಯಲ್ಲಿ ಬಂದ ಸದ್ದು ಕೇಳಿಸಿತು. ಭುಜದ ಎಲುಬು ಮುರಿದ ಸದ್ದನ್ನೂ ಕೇಳಿದೆ. ಎರಡನೆಯ ಏಟು ಬೆನ್ನಿಗೆ. ನಾನು ಮಂಡಿಯೂರಿ ಬಿದ್ದೆ. ಅತ್ತಿಗೆ ಒದ್ದೆ ಉಡುಪಿನಲ್ಲೇ ಓಡಿ ಬಂದು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಏ ಮುದುಕ! ತಲೆ ಕೆಟ್ಟಿದೆಯಾ? ಎಂಬತ್ತೈದಕ್ಕೆ ತಂಗೀನ ಕೊಂದು ಮತ್ತೆ ಜೈಲಿಗೆ ಹೋಗ್ತೀಯಾ?"

"ಅವನು ಹೇಳಿದ," ಅಂದ ಅಣ್ಣ. ನನ್ನನ್ನಲ್ಲ, ನೆಲವನ್ನು ನೋಡುತ್ತಿದ್ದ. "ರಕ್ತ ಸುರೀತಾ ಇದ್ರೂ ಹೇಳಿದ, ನಾನಲ್ಲ ಅಂತ. ನೀನು ಅಲ್ಲೇ ನಿಂತಿದ್ದೆ. ಬುತ್ತಿ ಹಿಡ್ಕೊಂಡು ನಿಂತಿದ್ದೆ. ಒಂದು ಮಾತು, ಒಂದೇ ಒಂದು ಮಾತು ಆಡಿದ್ರೆ ಆ ಮನುಷ್ಯನ ಕಣ್ಣು ಉಳೀತಿತ್ತಲ್ಲೇ!"

ಅಮ್ಮನ ಬಗ್ಗೆ ಕೇಳುತ್ತಾನೆಂದು ಎಪ್ಪತ್ತು ವರ್ಷದಿಂದ ಕಾದಿದ್ದೆ. ಆ ಹೆಸರನ್ನು ಅವನು ಎತ್ತಲಿಲ್ಲ. ನೆಲದಲ್ಲಿ ಬಿದ್ದುಕೊಂಡೇ ಉಳಿದದ್ದನ್ನೂ ಹೇಳಿದೆ. ಗೋಡೆಯ ಸಂದಿ, ಚುನ್‌ಬೊಮ್ ನನ್ನನ್ನು ಕಂಡದ್ದು, "ಬರೀ ಹಂದಿಗೂಡು" ಅಂದದ್ದು, ಎಲ್ಲವನ್ನೂ. ಅಣ್ಣ ಊರುಗೋಲನ್ನು ಹೆಂಡತಿಯ ಕೈಯಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆಸ್ಪತ್ರೆಯಲ್ಲಿ ಬಲಗೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಅತ್ತಿಗೆಯೇ ಮುಂದಾದಳು. "ಬಿದ್ಲು. ಸೋಲ್‌ನೋರಿಗೆ ನಮ್ಮ ಕಲ್ಲು ಗೊತ್ತಾಗಲ್ಲ." ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಹೋಟೆಲಿಗೆ ಹೋಗುತ್ತೇನೆಂದೆ. "ಹೋಗು, ಒಂದು ಕೈಯಲ್ಲಿ ಚಡ್ಡಿ ಹಾಕ್ಕೋ, ನೋಡ್ತೀನಿ," ಅಂದಳು. ಮಿರಾನ್‌ಗೆ ಫೋನ್ ಮಾಡಿ ಪುಸ್ತಕ ನಿಲ್ಲಿಸಲು ಹೇಳಿದೆ. ಅಣ್ಣ ಬೇಡವೆಂದರೆ ಆ ಪುಸ್ತಕ ಬೇಡ. ಅವಳು ತಮಾಷೆ ಮಾಡಲಿಲ್ಲ. "ಚಿತ್ರ ಎಲ್ಲಿದೆ?" ಎಂದಷ್ಟೇ ಕೇಳಿದಳು. ಹಲಗೆಯ ಮೇಲೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಎರಡು ದಿನ ಅಣ್ಣ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅವನ ದನಿ ಕೇಳಿತು.

"ಮೂಲಂಗಿ ಸುರುಳಿ ಮಾಡು. ನಾಲ್ಕು."

"ಯಾರಿಗೆ?"

"ಮಾಡು ಅಂದೆ."

ಬಕ್‌ವೀಟ್ ಎಂಬ ಕಪ್ಪು ಕಾಳಿನ ಹಿಟ್ಟಿನ ತೆಳು ದೋಸೆಯಲ್ಲಿ ಬೇಯಿಸಿದ ಮೂಲಂಗಿ ಇಟ್ಟು ಸುತ್ತುವ ಆ ತಿಂಡಿಯನ್ನು ನಮ್ಮಲ್ಲಿ ಎಡೆಗೂ ಮಾಡುತ್ತಾರೆ. ಅಣ್ಣ ಬುತ್ತಿ ಕಟ್ಟಿಸಿಕೊಂಡು, ಗೋಡೆಯಲ್ಲಿದ್ದ ಕುಡುಗೋಲು ತೆಗೆದುಕೊಂಡು ಹೊರಟುಹೋದ. ಅತ್ತಿಗೆ ಬಿಳುಚಿಕೊಂಡಳು. "ಕುಡುಗೋಲು ಯಾಕೆ ತಗೊಂಡ ಇವನು?"

ಹನ್ನೊಂದು ಗಂಟೆಗೆ ಮೀನಿನ ಗಾಡಿಯವನು ಸುದ್ದಿ ತಂದ. "ನಿಮ್ಮ ಯಜಮಾನ್ರಿಗೆ ಬಿಸಿಲು ತಾಗಿದೆಯಾ ಹೇಗೆ? ಯಾಂಗ್ ಒಕ್ಕಣ್ಣನ ಗೋರಿ ಮೇಲೆ ಹುಲ್ಲು ಕೊಯ್ತಾ ಇದ್ದಾರೆ. ಆ ಗೋರಿಗೆ ಹತ್ತು ವರ್ಷದಿಂದ ಯಾರೂ ಹೋಗಿಲ್ಲ, ಮುಳ್ಳು ಆಳುದ್ದ ಇದೆ. ನಾನು ಬರಲಾ ಅಂದ್ರೆ ಕುಡುಗೋಲು ತೋರಿಸಿದ್ರು!"

ಪೂರ್ವಜರ ಗೋರಿಗಳ ಹುಲ್ಲು ಕೊಯ್ಯುವ ತಿಂಗಳು ಅದು. ತಮ್ಮ ಮನೆತನದ ಗೋರಿ ಬಿಟ್ಟು ಬೇರೆಯವರದನ್ನು ಯಾರೂ ಮುಟ್ಟುವುದಿಲ್ಲ. ಚುನ್‌ಬೊಮ್‌ನ ಮಕ್ಕಳು ಬಹಳ ಹಿಂದೆಯೇ ದ್ವೀಪ ಬಿಟ್ಟಿದ್ದರು.

ಅಣ್ಣ ಬಂದದ್ದು ಮಧ್ಯಾಹ್ನ ಮೂರಕ್ಕೆ. ಮೊಣಕೈವರೆಗೂ ಮುಳ್ಳಿನ ಗೀರುಗಳು, ಅಂಗಿಯ ತೋಳಿಗೆ ರಕ್ತ ಅಂಟಿತ್ತು. ಮೊದಲು ತೊಟ್ಟಿಯ ಬಳಿ ಹೋದ. ಕೈ ತೊಳೆಯುತ್ತಾನೆಂದುಕೊಂಡೆ. ಅಂಗೈಯಲ್ಲಿ ನೀರು ತುಂಬಿಕೊಂಡು ಹಲಗೆಯ ಹತ್ತಿರ ಬಂದು, ಮೂರು ದಿನದಿಂದ ಒಣಗಿ ನಿಂತಿದ್ದ ಚಿತ್ರಕ್ಕೆ ಬೆರಳ ತುದಿಯಿಂದ ಹನಿ ಹನಿಯಾಗಿ ಚಿಮುಕಿಸಿದ. ಹುಡುಗಿಯ ಮೇಲೂ, ಕೋಲುಗಳ ಮೇಲೂ.

ಆಮೇಲೆ ನಾನು ಕೂತಿದ್ದ ಜಗಲಿಯ ಅಂಚಿಗೆ ಬಂದು ಕೂತ. ಬುತ್ತಿ ಬಿಚ್ಚಿದ. ಗೋರಿಗೆ ಎಡೆ ಇಟ್ಟದ್ದನ್ನು ವಾಪಸು ತಂದು ಮನೆಯವರು ಹಂಚಿಕೊಂಡು ತಿನ್ನಬೇಕು. ಅವುಗಳಲ್ಲಿ ಒಂದು ಸುರುಳಿಯನ್ನು ತೆಗೆದು, ನನ್ನ ಕಟ್ಟಿದ ಬಲಗೈಯನ್ನು ಒಂದು ಕ್ಷಣ ನೋಡಿ, ಎಡಗೈಯಲ್ಲಿ ಇಟ್ಟ.